ಓದುಗರ ಪ್ರಶ್ನೆ: ನೆಲದಡಿಯ ಗಾಳಿಯನ್ನು ಪರೀಕ್ಷಿಸುವುದೇಕೆ?

ಹಿಂದಿನ ಸಂಚಿಕೆಯಲ್ಲಿ ಕೊಳವೆಬಾವಿಯ ನೀರಿನ ಪರೀಕ್ಷೆಯ ಕುರಿತು ಬರೆಯುವಾಗ, ಕೆಲವು ಬಗೆಯ ಮಾಲಿನ್ಯ ನೀರಿನಲ್ಲಿ ಗೊತ್ತಾಗುವುದಕ್ಕೂ ಮೊದಲೇ ಮಣ್ಣಿನೊಳಗಿನ ಗಾಳಿಯಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಒಂದು ಸಾಲು ಸೇರಿಸಿದ್ದೆ. ಉಳಿದ ಲೇಖನಕ್ಕಿಂತ ಆ ಒಂದು ಸಾಲಿನ ಬಗ್ಗೆಯೇ ಹೆಚ್ಚು ಪತ್ರಗಳು ಬಂದಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಮ್ಮ ಹಿತ್ತಿಲಿನ ತೆರೆದ ಬಾವಿಯ ನೀರಿಗೆ ಮೂರು ತಿಂಗಳಿಂದ ಪೆಟ್ರೋಲಿನ ವಾಸನೆ ಬರುತ್ತಿದೆ. ಸುಮಾರು 200 ಅಡಿ ದೂರದಲ್ಲಿ ಒಂದು ಪೆಟ್ರೋಲ್ ಬಂಕ್ ಇದೆ. ದೂರು ಕೊಟ್ಟ ಮೇಲೆ ಪರಿಶೀಲನೆಗೆ ಬಂದವರು ನೀರಿನ ಬಾಟಲಿ ತುಂಬಿಕೊಂಡದ್ದಲ್ಲದೆ, ಬಂಕಿಗೂ ಬಾವಿಗೂ ನಡುವೆ ಹಲವು ಕಡೆ ನೆಲಕ್ಕೆ ಕಬ್ಬಿಣದ ಕೊಳವೆ ಹೊಡೆದು ‘ಮಣ್ಣಿನ ಗಾಳಿ’ ಹಿಡಿದುಕೊಂಡು ಹೋದರು. ಕೆಟ್ಟಿರುವುದು ನೀರು. ಗಾಳಿ ಹಿಡಿದು ಏನು ಪ್ರಯೋಜನ? (ಹಾಸನ ಜಿಲ್ಲೆ)

ಉತ್ತರ: ಬಂದವರು ಕೆಲಸ ತಿಳಿದವರು ಎಂದೇ ನನಗೆ ತೋರುತ್ತದೆ. ಮಣ್ಣು ಎಷ್ಟೇ ಗಟ್ಟಿಯಾಗಿ ಕಂಡರೂ ಅದರ ಗಾತ್ರದಲ್ಲಿ ಮೂರನೆಯ ಒಂದು ಭಾಗದಿಂದ ಹೆಚ್ಚುಕಡಿಮೆ ಅರ್ಧದವರೆಗೆ ಕಣಗಳ ನಡುವಿನ ಸಂದುಗಳೇ ಇರುತ್ತವೆ. ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಆ ಸಂದುಗಳಲ್ಲಿ ನೀರು ತುಂಬಿರುತ್ತದೆ. ಮಟ್ಟಕ್ಕಿಂತ ಮೇಲೆ ಒಂದಿಷ್ಟು ತೇವವಿದ್ದು ಮಿಕ್ಕ ಜಾಗವನ್ನು ಗಾಳಿ ತುಂಬಿಕೊಂಡಿರುತ್ತದೆ. ಅದು ನಾವು ಉಸಿರಾಡುವ ಗಾಳಿಯಂತಿರುವುದಿಲ್ಲ. ಬೇರುಗಳೂ ಸೂಕ್ಷ್ಮಜೀವಿಗಳೂ ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುವುದರಿಂದ, ಹೊರಗೆ ಶೇ. 0.04ರಷ್ಟು ಮಾತ್ರ ಇರುವ ಆ ಅನಿಲ ಮಣ್ಣಿನೊಳಗೆ ಶೇ. 1ನ್ನು ದಾಟುವುದು ಸಾಮಾನ್ಯ. ಹಗೇವುಗಳಲ್ಲಿ ಜೋಳ, ರಾಗಿ ತುಂಬಿಡುತ್ತಿದ್ದ ಕಾಲವನ್ನು ಕಂಡ ಹಿರಿಯರಿಗೆ ನೆಲದಡಿಯ ಗಾಳಿಯ ಗುಣ ಚೆನ್ನಾಗಿ ಗೊತ್ತು. ಹಗೇವಿನ ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪ ಇಳಿಬಿಟ್ಟು, ಅದು ಆರದೆ ಉಳಿದರೆ ಮಾತ್ರ ಆಳು ಇಳಿಯುತ್ತಿದ್ದ. ನಿಮ್ಮ ಬಾವಿಯಲ್ಲಿ ಮಾತ್ರ ದಯವಿಟ್ಟು ಈ ದೀಪದ ಪರೀಕ್ಷೆ ಮಾಡಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಬಾವಿಯ ತಳದಲ್ಲಿ ನೀರಿನ ಮೇಲೆ ಕೂತಿರುತ್ತದೆ, ಮತ್ತು ಅದಕ್ಕೆ ಬೆಂಕಿ ತಗುಲಿದರೆ ಅನಾಹುತವಾಗುತ್ತದೆ.

ಈಗ ನೆಲದಡಿಯ ಟ್ಯಾಂಕಿನಿಂದಲೋ ಪೈಪಿನ ಜೋಡಣೆಯಿಂದಲೋ ಪೆಟ್ರೋಲ್ ಸೋರುತ್ತಿದೆ ಎಂದಿಟ್ಟುಕೊಳ್ಳಿ. ಅದು ಮಣ್ಣನ್ನು ತೋಯಿಸುತ್ತ ಇಳಿದು, ನೀರಿಗಿಂತ ಹಗುರವಾದ್ದರಿಂದ ಅಂತರ್ಜಲದ ಮೇಲೆ ಪದರವಾಗಿ ತೇಲುತ್ತದೆ. ಬೆಂಜೀನ್, ಟಾಲೂಯಿನ್ ಮುಂತಾದ ಅಂಶಗಳು ಸ್ವಲ್ಪಸ್ವಲ್ಪವೇ ನೀರಿನಲ್ಲಿ ಕರಗಿ ಅಂತರ್ಜಲ ಹರಿಯುವ ಕಡೆಗೆ ಸಾಗುತ್ತವೆ. ಇವೆಲ್ಲ ಬೇಗ ಆವಿಯಾಗುವ ವಸ್ತುಗಳಾದ್ದರಿಂದ ದ್ರವ ಹೋದಲ್ಲೆಲ್ಲ ಅದರ ಸುತ್ತಲೂ ಮೇಲಕ್ಕೂ ಆವಿ ಹರಡುತ್ತದೆ. ನೀರಿನ ಮಾದರಿ ಬೇಕಾದರೆ ಪ್ರತಿ ಕಡೆಯೂ ಒಂದೊಂದು ಬಾವಿ ಕೊರೆಯಬೇಕಾಗುತ್ತದೆ, ಗಾಳಿಯ ಮಾದರಿಗಾದರೋ ಬೆರಳು ಗಾತ್ರದ ಒಂದು ಕೊಳವೆ ಸಾಕು. ಒಂದು ಕೊಳವೆಬಾವಿಗೆ ತಗಲುವ ಹೊತ್ತು ಮತ್ತು ಹಣದಲ್ಲಿ ಹತ್ತಾರು ಕಡೆ ಗಾಳಿ ಹಿಡಿದು, ಅಂಕಿಗಳನ್ನು ನಕ್ಷೆಯ ಮೇಲೆ ಬರೆದುಕೊಂಡರೆ ಎಲ್ಲಿ ದಟ್ಟವಾಗಿದೆ, ಯಾವ ಕಡೆಗೆ ತೆಳುವಾಗುತ್ತ ಹೋಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ದೊಡ್ಡ ಅಂಕಿಗಳು ಬಂಕಿನ ಟ್ಯಾಂಕಿನ ಬಳಿ ಇದ್ದು ನಿಮ್ಮ ಬಾವಿಯ ಕಡೆಗೆ ಇಳಿಯುತ್ತ ಬಂದಿದ್ದರೆ ಸೋರಿಕೆಯ ದಾರಿ ಸ್ಪಷ್ಟವಾಗುತ್ತದೆ. ಹಾಗಿಲ್ಲದೆ ಅಂಕಿಗಳು ಬೇರೆಲ್ಲೋ, ಉದಾಹರಣೆಗೆ ಹಳೆಯ ಗ್ಯಾರೇಜೊಂದರ ಅಂಗಳದಲ್ಲಿ, ಏರಿದ್ದರೆ ಬಂಕಿನವರ ಮೇಲೆ ಹೊರಿಸಿದ ತಪ್ಪನ್ನು ಹಿಂತೆಗೆದುಕೊಳ್ಳಬೇಕಾಗಬಹುದು. ಬಾವಿಯ ನೀರೊಂದನ್ನೇ ಪರೀಕ್ಷಿಸಿದ್ದರೆ ನೀರು ಕೆಟ್ಟಿದೆ ಎಂಬ, ನಿಮಗೆ ಆಗಲೇ ಗೊತ್ತಿರುವ ವಿಷಯವಷ್ಟೇ ಸಿಗುತ್ತಿತ್ತು.

ಅವರು ಪೆಟ್ರೋಲಿನ ಆವಿಯ ಜೊತೆಗೆ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನನ್ನೂ ಅಳೆದಿದ್ದಾರೆಯೇ ಎಂದು ಕೇಳಿ ನೋಡಿ. ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಪೆಟ್ರೋಲ್ ಆಹಾರವಾಗಬಲ್ಲದು; ಆಮ್ಲಜನಕ ಸಾಕಷ್ಟಿರುವ ಕಡೆ ಅವು ಆವಿಯನ್ನು ಮೇಲೆ ಬರುವ ದಾರಿಯಲ್ಲೇ ತಿಂದು ಮುಗಿಸುವುದರಿಂದ, ಕೆಳಗೆ ಪೆಟ್ರೋಲ್ ಇದ್ದೂ ಮೇಲಿನ ಮಾದರಿಯಲ್ಲಿ ಅದು ಕಾಣದೆ ಹೋಗಬಹುದು. ಆದರೆ ಊಟ ಮಾಡಿದ ಎಲೆ ಉಳಿದೇ ಉಳಿಯುತ್ತದೆ: ಆಮ್ಲಜನಕ ಬಹಳ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಏರಿರುವ ಜಾಗವೇ ಕೆಳಗೆ ಏನೋ ಇದೆ ಎಂಬುದರ ಗುರುತು. ಈಗ ನಮ್ಮ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುವುದರಿಂದ ಮೀಥೇನ್ ಅಳೆಯುವುದು ಮೊದಲಿಗಿಂತ ಹೆಚ್ಚು ಅಗತ್ಯವಾಗಿದೆ. ಬ್ಯಾಕ್ಟೀರಿಯಾಗಳು ಎಥನಾಲನ್ನು ಮೊದಲು ತಿಂದು ಆಮ್ಲಜನಕವನ್ನು ಬರಿದು ಮಾಡುತ್ತವೆ, ಆಮೇಲೆ ಅಲ್ಲಿ ಮೀಥೇನ್ ಹುಟ್ಟುತ್ತದೆ, ಮತ್ತು ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಮೀಥೇನ್ ಇದ್ದರೆ ಅದು ಸ್ಫೋಟಿಸಬಲ್ಲದು.

ಇನ್ನೊಂದು ಮಾತು. ಆ ನೀರನ್ನು ಕುದಿಸಿ ಕುಡಿಯುತ್ತಿದ್ದೇವೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಇಂದೇ ನಿಲ್ಲಿಸಿ. ಕುದಿಸಿದರೆ ರೋಗಾಣುಗಳು ಸಾಯುತ್ತವೆ ನಿಜ, ಆದರೆ ಬೆಂಜೀನ್ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ದೃಢಪಟ್ಟಿರುವ ವಸ್ತು. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ ಕೇವಲ 10 ಮೈಕ್ರೋಗ್ರಾಂ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಆ ನೀರನ್ನು ಕಾಯಿಸಿ ಸ್ನಾನ ಮಾಡುವುದೂ ಸಲ್ಲದು.

ಪ್ರಶ್ನೆ: ನೆಲಕ್ಕೆ ಕೊಳವೆ ಹೊಡೆದು ಗಾಳಿ ಎಳೆದರೆ, ಕೊಳವೆಯ ಪಕ್ಕದ ಸಂದಿನಿಂದ ಹೊರಗಿನ ಗಾಳಿಯೇ ಇಳಿದು ಬರುವುದಿಲ್ಲವೇ? ಬಂದದ್ದು ಮಣ್ಣಿನ ಗಾಳಿಯೇ ಎಂದು ಖಾತರಿಪಡಿಸಿಕೊಳ್ಳುವುದು ಹೇಗೆ? (ಶಿವಮೊಗ್ಗ, ಭೂವಿಜ್ಞಾನ ವಿದ್ಯಾರ್ಥಿನಿ)

ಉತ್ತರ: ಈ ಕೆಲಸದ ಪ್ರಾಣವೇ ನಿಮ್ಮ ಪ್ರಶ್ನೆಯಲ್ಲಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಪ್ರಯೋಗಾಲಯದ ಯಂತ್ರ ಎಷ್ಟು ಸೂಕ್ಷ್ಮವಾಗಿದ್ದರೂ ಅದು ಪಾತ್ರೆಯೊಳಗೆ ಇರುವುದನ್ನಷ್ಟೇ ಹೇಳುತ್ತದೆ. ಪಾತ್ರೆಗೆ ಊರ ಗಾಳಿ ತುಂಬಿಕೊಟ್ಟರೆ ಊರ ಗಾಳಿ ಶುದ್ಧವಾಗಿದೆ ಎಂಬ ಪ್ರಮಾಣಪತ್ರ ಸಿಗುತ್ತದೆ. ನಾನು ಕಂಡ ಕೆಟ್ಟ ವರದಿಗಳಲ್ಲಿ ಬಹುಪಾಲು ಹಾಳಾದದ್ದು ಯಂತ್ರದಲ್ಲಿ ಅಲ್ಲ, ಗುಂಡಿಯಲ್ಲಿ.

ಮೊದಲಿಗೆ ಆಳ. ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲಿ ಹೊರಗಿನ ಗಾಳಿ ಹೋಗಿಬಂದು ಮಾಡುತ್ತಲೇ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ ಐದು ಅಡಿ ಅಥವಾ ಅದಕ್ಕಿಂತ ಆಳಕ್ಕೆ ಇಳಿಯುತ್ತಾರೆ, ಅಂತರ್ಜಲ ಮೇಲೆಯೇ ಇರುವ ಕಡೆ ಮಾತ್ರ ಕಡಿಮೆ ಆಳಕ್ಕೆ ಒಪ್ಪುತ್ತಾರೆ. ರಂಧ್ರದ ತಳದಲ್ಲಿ ಒಂದು ಸಣ್ಣ ಜಾಲರಿಯ ತುದಿಯನ್ನು ಇಟ್ಟು, ಅದಕ್ಕೆ ತೆಳು ನಳಿಕೆ ಜೋಡಿಸಿ, ಸುತ್ತಲೂ ಒಂದು ಹಿಡಿ ಮರಳು ಸುರಿದು, ಅದರ ಮೇಲೆ ನೆಲದ ಮಟ್ಟದವರೆಗೆ ಬೆಂಟೊನೈಟ್ ಜೇಡಿಯನ್ನು ನೀರಿನಲ್ಲಿ ಕಲಸಿ ತುಂಬುತ್ತಾರೆ. ಬೆಂಟೊನೈಟ್ ನೀರು ಕುಡಿದು ಉಬ್ಬಿ ಸಂದುಗಳನ್ನು ಮುಚ್ಚುತ್ತದೆ. ನಳಿಕೆ ಟೆಫ್ಲಾನ್, ನೈಲಾನ್ ಅಥವಾ ಸ್ಟೀಲಿನದಾಗಿರಬೇಕು. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ರಬ್ಬರ್ ಅಥವಾ ಮೆತ್ತನೆಯ ಪಾಲಿಥೀನ್ ಪೈಪು ಆವಿಯನ್ನು ತಾನೇ ಹೀರಿಕೊಂಡುಬಿಡುತ್ತದೆ.

ಕೊಳವೆ ಇಳಿಸಿದ ಕೂಡಲೇ ಗಾಳಿ ಎಳೆಯಬಾರದು. ರಂಧ್ರ ಮಾಡುವಾಗ ಒಳಗೆ ಹೊರಗಿನ ಗಾಳಿ ನುಗ್ಗಿರುತ್ತದೆ, ಅದು ಸುತ್ತಲಿನ ಮಣ್ಣಿನ ಗಾಳಿಯೊಡನೆ ಹೊಂದಿಕೊಳ್ಳಲು ಸಮಯ ಬೇಕು. ನೇರವಾಗಿ ಒತ್ತಿ ಇಳಿಸಿದ ಕೊಳವೆಗೆ ಒಂದೆರಡು ಗಂಟೆ, ದೊಡ್ಡ ಬೈರಿಗೆಯಿಂದ ಕೊರೆದ ಗುಂಡಿಗೆ ಒಂದೆರಡು ದಿನ. ಆಮೇಲೆ ನಳಿಕೆಯೊಳಗೆ ನಿಂತ ಗಾಳಿಯನ್ನು ಹೊರಹಾಕಬೇಕು. ಒಳವ್ಯಾಸ 4 ಮಿಲಿಮೀಟರ್ ಇರುವ ಒಂದೂವರೆ ಮೀಟರ್ ನಳಿಕೆಯಲ್ಲಿ ಹಿಡಿಯುವುದು ಬರೀ 19 ಮಿಲಿಲೀಟರ್ ಗಾಳಿ. ಅದಕ್ಕೆ ಮರಳಿನ ಸಂದುಗಳಲ್ಲಿರುವುದನ್ನು ಕೂಡಿಸಿ, ಒಟ್ಟಿನ ಮೂರರಷ್ಟನ್ನು ತೆಗೆದು ಚೆಲ್ಲುವುದು ರೂಢಿ. ಹೆಚ್ಚು ಎಳೆದರೆ ಇನ್ನೂ ಒಳ್ಳೆಯದು ಎಂದು ಕೆಲವರು ಭಾವಿಸುತ್ತಾರೆ, ಆದರೆ ಹೆಚ್ಚು ಎಳೆದಷ್ಟೂ ದೂರದ ಗಾಳಿ, ಕೊನೆಗೆ ಮೇಲಿನ ಗಾಳಿ, ಬಂದು ಸೇರುತ್ತದೆ. ಎಳೆಯುವ ವೇಗವೂ ನಿಮಿಷಕ್ಕೆ 200 ಮಿಲಿಲೀಟರ್ ಮೀರಬಾರದು. ಎಳನೀರನ್ನು ಸ್ಟ್ರಾದಿಂದ ಜೋರಾಗಿ ಎಳೆದರೆ ಕೊನೆಗೆ ಸೊರ್ ಎಂದು ಗಾಳಿಯೇ ಬರುವುದಿಲ್ಲವೇ, ಹಾಗೆ.

ಇನ್ನು ಖಾತರಿ. ಕೊಳವೆ ನೆಲ ಸೇರುವ ಜಾಗದ ಮೇಲೆ ಬಕೆಟ್ಟಿನಂಥ ಒಂದು ಮುಚ್ಚಳ ಕವುಚಿ, ಅದರೊಳಗೆ ಹೀಲಿಯಂ ತುಂಬಿ, ಆಗ ಮಾದರಿ ಎಳೆಯುತ್ತಾರೆ. ಮಣ್ಣಿನಲ್ಲಿ ಹೀಲಿಯಂ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಮಾದರಿಯಲ್ಲಿ ಅದು ಕಂಡರೆ ಮುಚ್ಚಳದೊಳಗಿನಿಂದಲೇ ಸೋರಿ ಬಂದಿರಬೇಕು. ಮಾದರಿಯಲ್ಲಿನ ಹೀಲಿಯಂ ಮುಚ್ಚಳದೊಳಗಿನದರ ಶೇ. 5ನ್ನು ಮೀರಿದರೆ ಆ ಮಾದರಿಯನ್ನು ಬಿಟ್ಟು, ಜೋಡಣೆಗಳನ್ನು ಬಿಗಿಮಾಡಿ, ಮತ್ತೆ ತೆಗೆಯಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮಾರ್ಗಸೂಚಿ ಹೇಳುತ್ತದೆ. ಹೀಲಿಯಂ ಸಿಲಿಂಡರ್ ಸಿಗದ ಕಡೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯನ್ನು ಜೋಡಣೆಗಳ ಬಳಿ ಇಟ್ಟು ಅದೇ ಕೆಲಸ ಮಾಡಿಸುವುದುಂಟು.

ಹಿಡಿದ ಗಾಳಿಯನ್ನು ಒಯ್ಯುವುದಕ್ಕೆ ಹಲವು ದಾರಿಗಳಿವೆ: ಒಳಗಿನ ಗಾಳಿಯನ್ನೆಲ್ಲ ಮೊದಲೇ ತೆಗೆದು ನಿರ್ವಾತ ಮಾಡಿದ ಸ್ಟೀಲ್ ಡಬ್ಬಿ, ಆವಿಯನ್ನು ಹೀರಿಟ್ಟುಕೊಳ್ಳುವ ಪುಡಿ ತುಂಬಿದ ಸಣ್ಣ ಕೊಳವೆ, ವಿಶೇಷ ಪ್ಲಾಸ್ಟಿಕ್ಕಿನ ಚೀಲ, ಗಾಜಿನ ಸಿರಿಂಜ್. ಚೀಲ ಮತ್ತು ಸಿರಿಂಜಿನಲ್ಲಿ ಹಿಡಿದದ್ದನ್ನು ಅಂದೇ, ಸಾಧ್ಯವಾದರೆ ಆ ಜಾಗದಲ್ಲೇ ಪರೀಕ್ಷಿಸಬೇಕು. ನೀರಿನ ಮಾದರಿ ತೆಗೆದು ಅಭ್ಯಾಸವಾದವರು ಗಾಳಿಯ ಡಬ್ಬಿಯನ್ನೂ ಐಸ್ ಪೆಟ್ಟಿಗೆಯಲ್ಲಿ ಇಡುವುದನ್ನು ಕಂಡಿದ್ದೇನೆ. ತಣ್ಣಗಾದರೆ ಆವಿ ಡಬ್ಬಿಯ ಗೋಡೆಗೆ ಹನಿಗಟ್ಟಿ ಅಂಕಿ ಇಳಿಯುತ್ತದೆ, ಹಾಗಾಗಿ ಅದಕ್ಕೆ ಐಸ್ ಬೇಡ, ನೆರಳು ಸಾಕು. ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಯಂತ್ರ ಬೆರಕೆಯ ಆವಿಗಳನ್ನು ಒಂದೊಂದಾಗಿ ಬಿಡಿಸುತ್ತದೆ, ಅದಕ್ಕೆ ಜೋಡಿಸಿದ ಮಾಸ್ ಸ್ಪೆಕ್ಟ್ರೊಮೀಟರ್ ಪ್ರತಿಯೊಂದರ ಗುರುತು ಹಿಡಿಯುತ್ತದೆ. ಸ್ಥಳದಲ್ಲಿ ಬಳಸುವ ಕೈಮೀಟರ್ ‘ಏನೋ ಆವಿ ಇದೆ, ಇಷ್ಟಿದೆ’ ಎನ್ನಬಲ್ಲದೇ ಹೊರತು ಅದು ಬೆಂಜೀನೋ ಬಣ್ಣದ ಥಿನ್ನರೋ ಎಂದು ಹೇಳಲಾರದು.

ಯಾವುದನ್ನೂ ಎಳೆಯದೆ, ಇದ್ದಿಲಿನಂಥ ಹೀರುವ ವಸ್ತುವನ್ನು ಪುಟ್ಟ ಪೊಟ್ಟಣದಲ್ಲಿ ಕಟ್ಟಿ ವಾರ ಎರಡು ವಾರ ಹೂತಿಟ್ಟು ತೆಗೆಯುವ ವಿಧಾನವೂ ಇದೆ. ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬ ಹೋಲಿಕೆಗೆ ಅದು ಚೆನ್ನ. ಘನಮೀಟರಿಗೆ ಇಷ್ಟು ಎಂಬ ನಿಖರ ಅಂಕಿಗೆ ಮೊದಲಿನ ದಾರಿಯೇ ಬೇಕು.

ನೀವು ಭೂವಿಜ್ಞಾನದ ವಿದ್ಯಾರ್ಥಿನಿಯಾದ್ದರಿಂದ ಒಂದು ಸೊಗಸಾದ ಉಪಾಯವನ್ನು ಹೇಳಿಬಿಡುತ್ತೇನೆ. ಮಣ್ಣಿನಲ್ಲಿರುವ ಅತ್ಯಲ್ಪ ಯುರೇನಿಯಂ ಕ್ಷಯಿಸುತ್ತ ಹೋಗಿ ರೇಡಾನ್ ಅನಿಲ ಹುಟ್ಟುತ್ತದೆ, ಅದರ ಅರ್ಧಾಯುಷ್ಯ 3.8 ದಿನ. ರೇಡಾನ್ ನೀರಿಗಿಂತ ಎಣ್ಣೆಯಂಥ ದ್ರವದಲ್ಲಿ ಬಹಳ ಹೆಚ್ಚಾಗಿ ಕರಗುವುದರಿಂದ, ಪೆಟ್ರೋಲ್ ಅಥವಾ ಡೀಸೆಲ್ ಉಳಿದಿರುವ ಜಾಗದ ಮಣ್ಣಿನ ಗಾಳಿಯಲ್ಲಿ ರೇಡಾನ್ ಸುತ್ತಲಿಗಿಂತ ಕಡಿಮೆ ಇರುತ್ತದೆ. ಇಲ್ಲದಿರುವುದನ್ನು ಅಳೆದು ಇರುವುದನ್ನು ಕಂಡುಹಿಡಿಯುವ ಈ ಲೆಕ್ಕ, ಆವಿಯಾಗಲು ಒಲ್ಲದ ಹಳೆಯ ಡೀಸೆಲ್ ಸೋರಿಕೆಯಂಥ ಕಡೆ ವಿಶೇಷವಾಗಿ ನೆರವಿಗೆ ಬರುತ್ತದೆ.

ಪ್ರಶ್ನೆ: ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಕೆಸರು. ಇಂಥಲ್ಲಿ ಈ ಪರೀಕ್ಷೆ ನಡೆಯುತ್ತದೆಯೇ? ಯಾವ ಕಾಲ ಒಳ್ಳೆಯದು? (ರಾಯಚೂರು ಜಿಲ್ಲೆ)

ಉತ್ತರ: ನಡೆಯುತ್ತದೆ, ಆದರೆ ನಿಮ್ಮ ಮಣ್ಣು ಎರಡು ಕಾಲದಲ್ಲೂ ಪರೀಕ್ಷಕನನ್ನು ಯಾಮಾರಿಸಬಲ್ಲದು. ನೆನೆದ ಎರೆಮಣ್ಣಿನ ಸಂದುಗಳೆಲ್ಲ ನೀರಿನಿಂದ ಮುಚ್ಚಿಹೋಗಿ, ಪಂಪು ಎಷ್ಟು ಎಳೆದರೂ ಗಾಳಿ ಬರುವುದಿಲ್ಲ. ಹಟ ಹಿಡಿದು ಎಳೆದರೆ ಎಲ್ಲೋ ಸೋರುವ ಜೋಡಣೆಯಿಂದ ಹೊರಗಿನ ಗಾಳಿ ಬರುತ್ತದೆ. ಒಣಗಿದಾಗ ಬಿರುಕಿನೊಳಗೆ ಹೊರಗಿನ ಗಾಳಿ ಸಲೀಸಾಗಿ ಇಳಿಯುತ್ತದೆ. ಬಿರುಕುಗಳ ಆಳವನ್ನು ದಾಟಿ ಕೊಳವೆ ಇಳಿಸುವುದು, ಮತ್ತು ಮಣ್ಣು ಹದವಾಗಿ ಆರಿರುವ ತಿಂಗಳುಗಳನ್ನು ಆರಿಸಿಕೊಳ್ಳುವುದು, ಇವೆರಡನ್ನೂ ಮಾಡಬೇಕು. ದಿನವೊಂದಕ್ಕೆ ಅರ್ಧ ಇಂಚು ಮಳೆಯಾದರೆ ಐದು ದಿನ ಕಾಯಿರಿ ಎಂದು ಮೇಲೆ ಹೇಳಿದ ಕ್ಯಾಲಿಫೋರ್ನಿಯಾದ ಮಾರ್ಗಸೂಚಿಯಲ್ಲಿದೆ. ಆ ನಿಯಮವನ್ನು ಆಗುಂಬೆಯಲ್ಲಿ ಪಾಲಿಸಹೊರಟರೆ ಜೂನ್‌ನಲ್ಲಿ ಹೋದವನು ದಸರೆ ಮುಗಿಸಿಯೇ ಬರಬೇಕಾದೀತು.

ಮಳೆಯಷ್ಟೇ ಮುಖ್ಯವಾದದ್ದು ವಾಯುಭಾರ. ಹೊರಗಿನ ವಾಯುಭಾರ ಏರಿದರೆ ಗಾಳಿ ನೆಲದೊಳಕ್ಕೆ ಒತ್ತಲ್ಪಡುತ್ತದೆ, ಇಳಿದರೆ ನೆಲದೊಳಗಿನ ಗಾಳಿ ಹೊರಬರುತ್ತದೆ. ಇಂಗ್ಲೆಂಡಿನ ಡರ್ಬಿಶೈರ್‌ನ ಲಾಸ್ಕೋ ಎಂಬ ಹಳ್ಳಿಯಲ್ಲಿ ಇಟ್ಟಿಗೆ ಮಣ್ಣು ತೆಗೆದ ಹಳೆಯ ಗುಂಡಿಯನ್ನು ಕಸದಿಂದ ತುಂಬಿದ್ದರು. 1986ರ ಮಾರ್ಚ್ 24ರಂದು ಅದರ ಹತ್ತಿರದ ಒಂದು ಮನೆ ನೆಲದಡಿ ಸೇರಿಕೊಂಡಿದ್ದ ಮೀಥೇನಿನಿಂದ ಸ್ಫೋಟಗೊಂಡು ನೆಲಸಮವಾಯಿತು, ಒಳಗಿದ್ದ ಮೂವರು ತೀವ್ರವಾಗಿ ಗಾಯಗೊಂಡರು. ಸ್ಫೋಟಕ್ಕೆ ಮುಂಚಿನ ಏಳು ಗಂಟೆಗಳಲ್ಲಿ ವಾಯುಭಾರ 29 ಮಿಲಿಬಾರ್ ಕುಸಿದಿತ್ತು. ಕಸದ ಗುಂಡಿಯ ಅನಿಲ ಮಣ್ಣಿನ ಮೂಲಕ ಒಮ್ಮೆಗೇ ಮನೆಯ ಕಡೆ ಹರಿಯಲು ಆ ಕುಸಿತವೇ ಕಾರಣವಾಯಿತು. ವಾಯುಭಾರ ಹೆಚ್ಚಿದ್ದ ಹಿಂದಿನ ದಿನಗಳಲ್ಲಿ ಅಲ್ಲಿ ಯಾರಾದರೂ ಒಂದೇ ಒಂದು ಮಾದರಿ ತೆಗೆದಿದ್ದರೆ ಆತಂಕಕ್ಕೆ ಕಾರಣವಿಲ್ಲ ಎಂದು ಬರೆದುಬಿಡುತ್ತಿದ್ದರೋ ಏನೋ. ಕಸದ ಗುಡ್ಡೆಗಳ ಬಳಿ ಒಂದು ದಿನದ ಅಂಕಿಯನ್ನು ನಾನು ನಂಬದಿರುವುದು ಇದಕ್ಕಾಗಿಯೇ.

ಪ್ರಶ್ನೆ: ನಮ್ಮ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಜಾಸ್ತಿ. ಕೆಲವರು ಆರ್ಸೆನಿಕ್, ಕ್ರೋಮಿಯಂ ಕೂಡ ಇರಬಹುದು ಎನ್ನುತ್ತಾರೆ. ಮಣ್ಣಿನ ಗಾಳಿಯಿಂದ ಇವನ್ನು ಪತ್ತೆ ಹಚ್ಚಬಹುದೇ? (ಕೋಲಾರ)

ಉತ್ತರ: ಆಗದು. ಇವು ಆವಿಯಾಗುವ ವಸ್ತುಗಳಲ್ಲ. ನೀರನ್ನೋ ಮಣ್ಣನ್ನೋ ನೇರವಾಗಿ ಪರೀಕ್ಷಿಸಬೇಕು. ಕೀಟನಾಶಕಗಳಲ್ಲಿ ಹೆಚ್ಚಿನವೂ ಹಾಗೆಯೇ. ಲೋಹಗಳ ಪೈಕಿ ಪಾದರಸವೊಂದೇ ಇದಕ್ಕೆ ಹೊರತು. ಲೋಹರೂಪದ ಪಾದರಸ ಸಾಮಾನ್ಯ ಉಷ್ಣತೆಯಲ್ಲೇ ಆವಿಯಾಗುವುದರಿಂದ ಅದು ಚೆಲ್ಲಿದ ನೆಲವನ್ನು ಮಣ್ಣಿನ ಗಾಳಿಯಿಂದ ಗುರುತಿಸಬಹುದು.

ಪ್ರಶ್ನೆ: ಈ ವಿಧಾನವನ್ನು ಮೊದಲು ಕಂಡುಹಿಡಿದವರು ಯಾರು? (ಮೈಸೂರು, ನಿವೃತ್ತ ಶಿಕ್ಷಕರು)

ಉತ್ತರ: ಮಾಲಿನ್ಯಕ್ಕಾಗಿ ಅಲ್ಲದಿದ್ದರೂ ಮಣ್ಣಿನ ಗಾಳಿಯನ್ನು ಆರೋಗ್ಯದ ದೃಷ್ಟಿಯಿಂದ ವ್ಯವಸ್ಥಿತವಾಗಿ ಅಳೆದವರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಅವರನ್ನು ಮೊದಲು ನೆನೆಯಬೇಕು. 1870ರ ದಶಕದ ಆರಂಭದಲ್ಲಿ ಅವರು ನೆಲಕ್ಕೆ ಕೊಳವೆಗಳನ್ನು ಇಳಿಸಿ ಬೇರೆ ಬೇರೆ ಆಳಗಳ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ನೋಡಿದರು. ಕಾಲರಾಕ್ಕೆ ರೋಗಾಣುವೊಂದೇ ಸಾಲದು, ಕೊಳೆತ ನೆಲವೂ ಬೇಕು ಎಂಬುದು ಅವರ ನಂಬಿಕೆಯಾಗಿತ್ತು. ಆ ನಂಬಿಕೆ ತಪ್ಪು. ಅದನ್ನು ಸಾಧಿಸಲು 1892ರಲ್ಲಿ ಅವರು ಕಾಲರಾ ರೋಗಾಣುಗಳ ದ್ರಾವಣವನ್ನೇ ಕುಡಿದು, ಅದೃಷ್ಟವಶಾತ್ ಬದುಕುಳಿದರು. ಆದರೆ ಮನೆಯೆಂದರೆ ನೆಲದ ಗಾಳಿಯನ್ನು ಹೀರುವ ಚಿಮಣಿಯಂತೆ ಎಂಬ ಅವರ ಕಾಲದ ತಿಳಿವಳಿಕೆ ಮುಂದಿನ ಪ್ರಶ್ನೆಗೆ ಉತ್ತರಿಸುವಾಗ ನಮಗೆ ಬೇಕಾಗುತ್ತದೆ.

ಪ್ರಶ್ನೆ: ನಾವು ಕೊಳ್ಳಬೇಕೆಂದಿರುವ ಮನೆಯಿಂದ ಎರಡು ಕಟ್ಟಡಗಳ ಆಚೆ ಹಿಂದೆ ಡ್ರೈಕ್ಲೀನಿಂಗ್ ಅಂಗಡಿ ಇತ್ತಂತೆ. ಮನೆಯ ಬೇಸ್‌ಮೆಂಟಿನ ನೆಲಕ್ಕೆ ತೂತು ಮಾಡಿ ಅಡಿಯ ಗಾಳಿಯನ್ನು ಪರೀಕ್ಷಿಸಬೇಕು ಎಂದು ಸಲಹೆ ಬಂದಿದೆ. ನಮಗೆ ನಗರಸಭೆಯ ನೀರು ಬರುತ್ತದೆ, ಬಾವಿಯೇ ಇಲ್ಲ. ಇದು ಅನಗತ್ಯ ಖರ್ಚಲ್ಲವೇ? (ನ್ಯೂಜೆರ್ಸಿ, ಅಮೆರಿಕ)

ಉತ್ತರ: ಅನಗತ್ಯವಲ್ಲ. ಚಳಿಗಾಲದಲ್ಲಿ ಮನೆ ಬೆಚ್ಚಗಿರುವಾಗ ಬಿಸಿಗಾಳಿ ಮೇಲಿನಿಂದ ಹೊರಹೋಗುತ್ತದೆ, ಆ ಜಾಗ ತುಂಬಲು ಕೆಳಗಿನಿಂದ ಗಾಳಿ ಬರಬೇಕು. ಬೇಸ್‌ಮೆಂಟಿನ ಕಾಂಕ್ರೀಟಿನ ಬಿರುಕುಗಳು, ಪೈಪು ತೂರಿದ ಸಂದುಗಳು ಅದಕ್ಕೆ ದಾರಿ. ರೇಡಾನ್ ಮನೆಯೊಳಗೆ ಬರುವುದೂ ಹೀಗೆಯೇ. ನಿಮ್ಮ ನೆರೆಯ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದ ಎಂಜಿನಿಯರೊಬ್ಬರು 1984ರಲ್ಲಿ ಕೆಲಸಕ್ಕೆ ಬಂದಾಗ ವಿಕಿರಣದ ಎಚ್ಚರಿಕೆ ಗಂಟೆ ಬಾರಿಸುತ್ತಿತ್ತು; ಸ್ಥಾವರ ಇನ್ನೂ ವಿದ್ಯುತ್ ಉತ್ಪಾದನೆ ಶುರುಮಾಡಿರಲಿಲ್ಲ, ಅವರ ಮೈಗಂಟಿದ್ದ ವಿಕಿರಣ ಅವರ ಮನೆಯ ರೇಡಾನಿನದಾಗಿತ್ತು. ಡ್ರೈಕ್ಲೀನಿಂಗಿಗೆ ಬಳಸುತ್ತಿದ್ದ ಪರ್‌ಕ್ಲೋರೋಎಥಿಲೀನ್ ಮತ್ತು ಕಾರ್ಖಾನೆಗಳಲ್ಲಿ ಲೋಹದ ಜಿಡ್ಡು ತೊಳೆಯುತ್ತಿದ್ದ ಟ್ರೈಕ್ಲೋರೋಎಥಿಲೀನ್‌ಗಳ ಆವಿಯೂ ಇದೇ ದಾರಿ ಹಿಡಿಯುತ್ತದೆ. ಪೆಟ್ರೋಲಿನ ಆವಿಯಂತೆ ಇವನ್ನು ಬ್ಯಾಕ್ಟೀರಿಯಾಗಳು ದಾರಿಯಲ್ಲಿ ತಿಂದು ಮುಗಿಸುವುದಿಲ್ಲವಾದ್ದರಿಂದ ಇವು ಇನ್ನೂ ದೂರ ಬರುತ್ತವೆ.

ನ್ಯೂಯಾರ್ಕ್ ರಾಜ್ಯದ ಎಂಡಿಕಾಟ್ ಊರಿನ ಕಥೆ ನಿಮಗೆ ಉಪಯುಕ್ತವಾದೀತು. ಅಲ್ಲಿನ ಐಬಿಎಂ ಕಾರ್ಖಾನೆಯಲ್ಲಿ 1979ರಲ್ಲಿ ಸುಮಾರು 4,100 ಗ್ಯಾಲನ್ ದ್ರಾವಕ ಚೆಲ್ಲಿತು. ಆ ತನಿಖೆಯಲ್ಲಿ ಅಂತರ್ಜಲದಲ್ಲಿ ಟ್ರೈಕ್ಲೋರೋಎಥಿಲೀನ್ ಮುಂತಾದವೂ ಸೇರಿರುವುದು ಗೊತ್ತಾಗಿ, ವರ್ಷಗಟ್ಟಲೆ ನೀರನ್ನು ಮೇಲೆತ್ತಿ ಶುದ್ಧಿಮಾಡುವ ಕೆಲಸ ನಡೆಯಿತು. ಎಲ್ಲರ ಗಮನವೂ ನೀರಿನ ಮೇಲೆಯೇ ಇತ್ತು. ಸುಮಾರು ಎರಡು ದಶಕ ಕಳೆದ ಮೇಲೆ, 2002ರ ಸುಮಾರಿಗೆ, ಮಣ್ಣಿನ ಗಾಳಿಯನ್ನೂ ಮನೆಗಳ ಗಾಳಿಯನ್ನೂ ಪರೀಕ್ಷಿಸಿದಾಗ ಆವಿ ಮನೆಗಳೊಳಗೆ ಸೇರುತ್ತಿರುವುದು ಬಯಲಾಯಿತು. 400ಕ್ಕೂ ಹೆಚ್ಚು ಕಟ್ಟಡಗಳಿಗೆ ನೆಲದಡಿಯ ಗಾಳಿಯನ್ನು ಹೊರಹಾಕುವ ಫ್ಯಾನುಗಳನ್ನು ಕೂರಿಸಬೇಕಾಯಿತು. ಅಲ್ಲಿಯೂ ಜನ ಮನೆಯಡಿಯ ನೀರನ್ನು ಕುಡಿಯುತ್ತಿರಲಿಲ್ಲ.

ಪರೀಕ್ಷೆಯಲ್ಲಿ ಏನಾದರೂ ಕಂಡರೂ ಮನೆ ಬಿಡಬೇಕೆಂದಿಲ್ಲ. ಕಾಂಕ್ರೀಟಿಗೆ ಒಂದು ತೂತು, ಅಲ್ಲಿಂದ ಚಾವಣಿಯ ಮೇಲಕ್ಕೆ ಪೈಪು, ಅದಕ್ಕೊಂದು ಸದಾ ತಿರುಗುವ ಫ್ಯಾನು: ರೇಡಾನಿಗೆ ಮಾಡುವ ಈ ವ್ಯವಸ್ಥೆಯೇ ಇದಕ್ಕೂ ಆಗುತ್ತದೆ. ಪರೀಕ್ಷೆಯನ್ನು ಚಳಿಗಾಲದಲ್ಲಿ ಮಾಡಿಸಿ, ಮತ್ತು ವರದಿ ಬರುವವರೆಗೆ ಮುಂಗಡ ಕೊಡಬೇಡಿ.

ಪ್ರಶ್ನೆ: ನಮ್ಮ ಬಡಾವಣೆಯ ವರದಿಯಲ್ಲಿ ಒಂದೆಡೆ ಪಿಪಿಬಿ, ಇನ್ನೊಂದೆಡೆ ಮೈಕ್ರೋಗ್ರಾಂ, ಮತ್ತೆ ಕೆಲವೆಡೆ ‘ಪತ್ತೆಯಾಗಿಲ್ಲ’ ಎಂದಿದೆ. ನೀರಿನಲ್ಲಿ ಟ್ರೈಕ್ಲೋರೋಎಥಿಲೀನ್ 100 ಇದ್ದರೆ ಗಾಳಿಯಲ್ಲಿ ಸಾವಿರಗಟ್ಟಲೆ ಎಂದು ಬರೆದಿದ್ದಾರೆ. ಮುದ್ರಣದೋಷವೇ? (ಬೆಂಗಳೂರು)

ಉತ್ತರ: ದೋಷವಲ್ಲ, ಅಳತೆಗಳು ಬೇರೆ. ನೀರಿನಲ್ಲಿ ಪಿಪಿಬಿ ಎಂದರೆ ಲೀಟರಿಗೆ ಒಂದು ಮೈಕ್ರೋಗ್ರಾಂ. ಗಾಳಿಯಲ್ಲಿ ಅದು ನೂರು ಕೋಟಿ ಭಾಗ ಗಾಳಿಗೆ ಒಂದು ಭಾಗ ಆವಿ ಎಂಬ ಗಾತ್ರದ ಲೆಕ್ಕ. ಟ್ರೈಕ್ಲೋರೋಎಥಿಲೀನ್ ವಿಷಯದಲ್ಲಿ ಗಾಳಿಯ 1 ಪಿಪಿಬಿ ಎಂದರೆ ಘನಮೀಟರಿಗೆ ಸುಮಾರು 5.4 ಮೈಕ್ರೋಗ್ರಾಂ, ಬೆಂಜೀನ್ ಆದರೆ 3.2. ಇನ್ನು ಸಾವಿರಗಳ ವಿಷಯ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರೂ ಅದಕ್ಕೆ ತಾಗಿದ ಗಾಳಿಯೂ ಸಮಸ್ಥಿತಿಗೆ ಬಂದಾಗ, ಒಂದೇ ಗಾತ್ರದ ನೀರಿನಲ್ಲಿರುವುದರ ಸುಮಾರು 0.4ರಷ್ಟು ಟ್ರೈಕ್ಲೋರೋಎಥಿಲೀನ್ ಗಾಳಿಯಲ್ಲಿರುತ್ತದೆ. ಲೀಟರ್ ನೀರಿಗೆ 100 ಮೈಕ್ರೋಗ್ರಾಂ ಇದ್ದರೆ ಲೀಟರ್ ಗಾಳಿಗೆ 40. ಗಾಳಿಯನ್ನು ಘನಮೀಟರಿನಲ್ಲಿ ಹೇಳುವುದರಿಂದ ಅದೇ 40,000 ಆಗುತ್ತದೆ. ಇದು ನೀರಿನ ಮೇಲ್ಮೈಗೆ ತಾಗಿದ ಜಾಗದ ಲೆಕ್ಕ, ನಿಮ್ಮ ಹಜಾರದ್ದಲ್ಲ. ಮೇಲೆ ಬರುತ್ತ ಅದು ತೆಳುವಾಗುತ್ತದೆ. ಮನೆಯ ನೆಲದ ಅಡಿಯಲ್ಲೇ ತೆಗೆದ ಗಾಳಿಯಿಂದ ಮನೆಯೊಳಗಿನದನ್ನು ಅಂದಾಜಿಸಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2015ರ ಮಾರ್ಗಸೂಚಿ 0.03ರಿಂದ ಗುಣಿಸುತ್ತದೆ, ಅಂದರೆ ನೂರಕ್ಕೆ ಮೂರು ಭಾಗ ಒಳಬರಬಹುದೆಂಬ ಎಚ್ಚರದ ಊಹೆ.

‘ಪತ್ತೆಯಾಗಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಓದಬೇಡಿ. ಪಕ್ಕದಲ್ಲಿ ಪತ್ತೆಯ ಕನಿಷ್ಠ ಮಿತಿಯನ್ನು ಬರೆದಿರಬೇಕು. ಆ ಮಿತಿಯೇ ಆರೋಗ್ಯದ ಮಿತಿಗಿಂತ ಮೇಲಿದ್ದರೆ ಪರೀಕ್ಷೆ ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಮಿತಿ ಸರಿಯಿದ್ದರೂ ಗಾಳಿ ಶುದ್ಧವಾಗಿದ್ದ ಮಾತ್ರಕ್ಕೆ ಕೆಳಗಿನ ನೀರು ಶುದ್ಧವೆಂದಾಗುವುದಿಲ್ಲ. ಇಂಗಿದ ಮಳೆನೀರು ಕೆಟ್ಟ ನೀರಿನ ಮೇಲೆ ಒಂದು ಪದರವಾಗಿ ನಿಂತರೆ ಆವಿ ಅದನ್ನು ದಾಟಿ ಮೇಲೆ ಬರುವುದು ಬಹಳ ಕಷ್ಟ. ಟ್ರೈಕ್ಲೋರೋಎಥಿಲೀನ್ ನೀರಿಗಿಂತ 1.46 ಪಟ್ಟು ಸಾಂದ್ರವಾದ್ದರಿಂದ ತೇಲದೆ ಮುಳುಗುತ್ತದೆ, ಬೆಂಗಳೂರಿನ ಗಟ್ಟಿಬಂಡೆಯ ಬಿರುಕುಗಳಲ್ಲಿ ಎಷ್ಟು ಆಳಕ್ಕೆ, ಯಾವ ದಿಕ್ಕಿಗೆ ಇಳಿದಿದೆ ಎಂಬುದನ್ನು ಐದು ಅಡಿಯ ಕೊಳವೆ ಹೇಳಲಾರದು. ಗಾಳಿಯಲ್ಲಿ ಕಂಡರೆ ಕೆಳಗೆ ಇದೆ ಎಂದು ನಂಬಬಹುದು. ಕಾಣದಿದ್ದರೆ ನೀರನ್ನೂ ನೋಡಬೇಕು.

ಪ್ರಶ್ನೆ: ಹಳೆಯ ಕಾರ್ಖಾನೆಯೊಂದು ಇದ್ದ ಜಾಗವನ್ನು ಸೈಟುಗಳಾಗಿ ಮಾಡಿ ಮಾರುತ್ತಿದ್ದಾರೆ. ಖಾತೆ, ಇ.ಸಿ. ಎಲ್ಲ ಸರಿಯಿದೆ. ನೆಲ ಸರಿಯಿದೆಯೇ ಎಂದು ತಿಳಿಯುವುದು ಹೇಗೆ? (ತುಮಕೂರು)

ಉತ್ತರ: ಮೊದಲು ಹಣ ಖರ್ಚಾಗದ ಕೆಲಸ ಮಾಡಿ. ಅಲ್ಲಿ ದುಡಿದು ನಿವೃತ್ತರಾದವರನ್ನು ಹುಡುಕಿ, ಡ್ರಮ್ಮುಗಳನ್ನು ಎಲ್ಲಿಡುತ್ತಿದ್ದರು, ಭಾಗಗಳನ್ನು ಎಲ್ಲಿ ತೊಳೆಯುತ್ತಿದ್ದರು, ತೊಳೆದ ನೀರು ಯಾವ ಮೋರಿಗೆ ಹೋಗುತ್ತಿತ್ತು, ನೆಲದಡಿ ಡೀಸೆಲ್ ಟ್ಯಾಂಕ್ ಇತ್ತೇ ಎಂದು ಕೇಳಿ. ಯಂತ್ರದ ಭಾಗಗಳನ್ನು ತೊಳೆಯುವ, ಬಣ್ಣ ಬಳಿಯುವ, ಔಷಧಿ ತಯಾರಿಸುವ ಕಾರ್ಖಾನೆಯಾಗಿದ್ದರೆ ಮಣ್ಣಿನ ಗಾಳಿಯ ಪರೀಕ್ಷೆಯಿಂದ ಪ್ರಯೋಜನವಿದೆ. ಲೋಹಕ್ಕೆ ಕ್ರೋಮಿಯಂ ಲೇಪಿಸುವ ಅಥವಾ ಚರ್ಮ ಹದಮಾಡುವ ಘಟಕವಾಗಿದ್ದರೆ ಕೋಲಾರದ ಓದುಗರಿಗೆ ಕೊಟ್ಟ ಉತ್ತರವೇ ನಿಮಗೂ: ಮಣ್ಣು ಮತ್ತು ನೀರನ್ನೇ ಪರೀಕ್ಷಿಸಬೇಕು.

ಒಬ್ಬೊಬ್ಬರೂ ತಮ್ಮ ತಮ್ಮ ಮೂವತ್ತು ನಲವತ್ತರ ಸೈಟಿನಲ್ಲಿ ಒಂದೊಂದು ತೂತು ತೋಡಿಸುವುದು ವ್ಯರ್ಥ. ಕೊಳ್ಳುವವರೆಲ್ಲ ಸೇರಿ, ಇಡೀ ಜಾಗದ ಮೇಲೆ ಚೌಕಳಿ ಹಾಕಿ, ಹಳೆಯ ಟ್ಯಾಂಕು ಮತ್ತು ಮೋರಿಗಳ ಬಳಿ ಹತ್ತಿರ ಹತ್ತಿರವಾಗಿ, ಬೇರೆಡೆ ದೂರ ದೂರವಾಗಿ ಮಾದರಿ ತೆಗೆಸಬೇಕು. ಒಪ್ಪಂದದಲ್ಲಿ ಸೋರಿಕೆ ಪರೀಕ್ಷೆಯ ಫಲಿತಾಂಶ, ಪ್ರತಿ ವಸ್ತುವಿನ ಪತ್ತೆಯ ಮಿತಿ ಮತ್ತು ಮಾದರಿ ತೆಗೆದ ದಿನದ ಮಳೆ ಹಾಗೂ ವಾಯುಭಾರದ ದಾಖಲೆ ಕೊಡಬೇಕೆಂದು ಬರೆಸಿ. ಈ ಮೂರನ್ನು ಕೇಳಿದ ಕೂಡಲೇ ಹಿಂದೆಗೆಯುವ ಸಂಸ್ಥೆಗೆ ಕೆಲಸ ಕೊಡಬೇಡಿ. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರೆ ಸಾಲದು. ಆ ಮಾನ್ಯತೆ ಯಾವ ಯಾವ ಪರೀಕ್ಷೆಗಳಿಗೆ ಎಂಬ ಪಟ್ಟಿ ಇರುತ್ತದೆ, ಗಾಳಿಯಲ್ಲಿನ ಸಾವಯವ ಆವಿಗಳು ಅದರಲ್ಲಿವೆಯೇ ಎಂದು ಓದಿ ನೋಡಿ.

ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿದೆ. ಶಂಕಿತ ಸ್ಥಳಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ಪ್ರಾಥಮಿಕ ಪರಿಶೀಲನೆ 90 ದಿನಗಳೊಳಗೆ ಮುಗಿಯಬೇಕು, ಶುದ್ಧೀಕರಣದ ವೆಚ್ಚವನ್ನು ಕೆಡಿಸಿದವರೇ ಭರಿಸಬೇಕು ಎಂಬುದು ಅವುಗಳ ತಿರುಳು. ನಗರದ ಕಸದ ಗುಡ್ಡೆಗಳು ಮತ್ತು ಗಣಿಗಳು ಇದರ ವ್ಯಾಪ್ತಿಗೆ ಬರುವುದಿಲ್ಲ, ಆದರೆ ನಿಮ್ಮಲ್ಲಿರುವಂಥ ಹಳೆಯ ಕಾರ್ಖಾನೆಯ ಜಾಗ ಬರುತ್ತದೆ. ಜಿಲ್ಲಾಧಿಕಾರಿಗಳ ಕಚೇರಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಲಿಖಿತವಾಗಿ ಅರ್ಜಿ ಕೊಟ್ಟು, ಆ ಜಾಗ ಪಟ್ಟಿಯಲ್ಲಿದೆಯೇ ಎಂದು ಕೇಳಿ, ಸ್ವೀಕೃತಿ ಪಡೆದುಕೊಳ್ಳಿ. ಅಡಿಪಾಯ ತೋಡುವಾಗ ಮಣ್ಣಿಗೆ ಥಿನ್ನರಿನಂಥ ಸಿಹಿ ವಾಸನೆ ಬಂದರೆ ಮೂಗಿಗೆ ಹತ್ತಿರ ಹಿಡಿದು ನೋಡುವ ಕುತೂಹಲ ಬೇಡ. ಗುಂಡಿಯಿಂದ ಆಳುಗಳನ್ನು ಮೇಲೆ ಕರೆದು, ಬೀಡಿ ಬೆಂಕಿಪೊಟ್ಟಣಗಳನ್ನು ದೂರ ಇಡಿಸಿ, ಮಂಡಳಿಯವರು ಬರುವವರೆಗೆ ಕೆಲಸ ನಿಲ್ಲಿಸಿ.